‘ಮುರಿದುಕೊಳ್ಳು’: ಕೂಲಿ ಲೆಕ್ಕದ ಒಂದು ಕ್ರಿಯಾಪದ

ಒಂದು ಮೊತ್ತದಿಂದ ಇನ್ನೊಂದನ್ನು ತೆಗೆಯುವುದನ್ನು ಹೇಳಲು ಕನ್ನಡದಲ್ಲಿ ‘ಕಳೆ’, ‘ಮುರಿ’ ಎಂಬ ಧಾತುಗಳು ಬಳಕೆಯಲ್ಲಿವೆ. ಇವು ಸಮಾನಾರ್ಥಕಗಳಲ್ಲವೆಂಬುದು ‘ಕೊಳ್ಳು’ ಸೇರಿದಾಗ ಸ್ಪಷ್ಟವಾಗುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ರೇಷ್ಮೆ ನೂಲು ಬಿಚ್ಚಾಣಿಕೆಯ ಕೂಲಿ ಸಂದರ್ಭಕ್ಕೆ ಹೊಂದುವಂತೆ ಕೆಳಗಿನ ವಾಕ್ಯಗಳನ್ನು ನಾವೇ ರಚಿಸಿದ್ದೇವೆ.

(1) ಹತ್ತರಲ್ಲಿ ಮೂರು ಕಳೆದರೆ ಏಳು.
(2) ಕೆಲಸದಾಕೆ ಸಂತೆಯಲ್ಲಿ ನೂರು ರೂಪಾಯಿ ಕಳೆದುಕೊಂಡಳು.
(3) ಮಾಲೀಕರು ಕೂಲಿಯಲ್ಲಿ ಮುಂಗಡಕ್ಕೆ ನೂರು ರೂಪಾಯಿ ಮುರಿದುಕೊಂಡರು.

(1)ರಲ್ಲಿ ಕಳೆಯುವವರು ಯಾರೂ ಬೇಕಿಲ್ಲ. ‘ಮೂರು ದಿನ ಕಳೆದರೆ’ ಎಂಬಲ್ಲಿ ದಿನ ಸರಿದಂತೆ ಇಲ್ಲಿ ಸಂಖ್ಯೆ ಸರಿಯುತ್ತದೆ. (ತಮಿಳಿನ ‘ಕೞಿ’ಗೂ ಈ ಎರಡು ಅರ್ಥಗಳುಂಟು.) ಇದೇ ಚೌಕಟ್ಟಿನಲ್ಲಿ ‘ಮುರಿದರೆ’ ಒಪ್ಪದು. ‘ಮುರಿ’ಗೆ ಲೆಕ್ಕ ಇಡುವ ಕರ್ತೃ ಬೇಕು, ಸಪ್ತಮಿಯ ‘ಕೂಲಿಯಲ್ಲಿ’ ಮೂಲವನ್ನೂ ಚತುರ್ಥಿಯ ‘ಮುಂಗಡಕ್ಕೆ’ ಕಾರಣವನ್ನೂ ಸೂಚಿಸುತ್ತವೆ.

‘ಕೊಳ್ಳು’ ಕರ್ತೃವಿನ ಸ್ವಹಿತವನ್ನು ಹೇಳುತ್ತದೆಂಬ ವಿವರಣೆ (3)ಕ್ಕೆ ಸರಿಹೊಂದಿದರೂ (2)ಕ್ಕೆ ಹೊಂದದು. ‘ಕೈ ಮುರಿದುಕೊಂಡಳು’ ಎಂಬುದಕ್ಕಂತೂ ಹೊಂದುವುದೇ ಇಲ್ಲ. ಆದ್ದರಿಂದ ಕ್ರಿಯೆಯ ಪರಿಣಾಮ ಕರ್ತೃವಿಗೇ ತಟ್ಟುತ್ತದೆಂಬಷ್ಟನ್ನೇ ಅದು ಹೇಳುತ್ತದೆಂದು ನಾವು ಭಾವಿಸುತ್ತೇವೆ. ಕರ್ಮ ಮೊದಲೇ ಕರ್ತೃವಿನದಾಗಿದ್ದರೆ ನಷ್ಟ. ಇನ್ನೊಬ್ಬರಿಗೆ ಸಲ್ಲಬೇಕಾದುದರ ಮೇಲೆ ಕರ್ತೃವಿಗೆ ಹಕ್ಕಿದ್ದರೆ ಲಾಭ.

ಈ ಹಕ್ಕು (3)ರ ಪೂರ್ವಕಲ್ಪನೆ. ‘ಈ ವಾರ ಮುರಿದುಕೊಳ್ಳಲಿಲ್ಲ’ ಎಂದು ನಿಷೇಧಿಸಿದರೂ ಅದು ಅಳಿಯದು: ಬಾಕಿ ಹಾಗೆಯೇ ಉಳಿದಿದೆಯೆಂದೇ ಕೇಳುಗರು ತಿಳಿಯುತ್ತಾರೆ. ‘ರಜೆಗೆ ಮುರಿದುಕೊಂಡರು’ ಎಂಬಲ್ಲಿಯೂ ರಜೆ ಹಾಕಿದ್ದು ನಿಜವೆಂದೇ ಆಗುತ್ತದೆ. ಹಕ್ಕನ್ನು ಅಲ್ಲಗಳೆಯಬೇಕಾದವರು ‘ಕಿತ್ತುಕೊಂಡರು’ ಎಂಬ ಬೇರೆಯೇ ಧಾತುವನ್ನು ಹಿಡಿಯಬೇಕು.

ಇದು ಬರಿಯ ವ್ಯಾಕರಣದ ಸೂಕ್ಷ್ಮವಲ್ಲ. ರೇಷ್ಮೆ ಉದ್ಯಮದಲ್ಲಿ ಮುಂಗಡದ ಋಣಕ್ಕೆ ಮಕ್ಕಳನ್ನು ದುಡಿಸಿದ್ದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯ 2003ರ ವರದಿ ದಾಖಲಿಸಿದೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಅಂಥ ಋಣವನ್ನು ತೀರಿಸಬೇಕಾದ ಹೊಣೆಯೇ ಇಲ್ಲ. ಆದರೂ ‘ಮುರಿದುಕೊಂಡರು’ ಎಂದು ದೂರು ಹೇಳುವವರು, ಕಾನೂನು ಇಲ್ಲವೆಂದ ಸಾಲವನ್ನು ತಮ್ಮ ಕ್ರಿಯಾಪದದಲ್ಲಿ ಒಪ್ಪಿರುತ್ತಾರೆ. ಹೇಳಿಕೆ ಬರೆದುಕೊಳ್ಳುವವರು ಇದನ್ನು ‘ಕಡಿತಗೊಳಿಸಲಾಗಿದೆ’ ಎಂಬ ಕಚೇರಿಗನ್ನಡಕ್ಕೆ ತಿರುಗಿಸಿದರೆ ಕರ್ತೃವೂ ಚತುರ್ಥಿಯೂ ಬಿಟ್ಟುಹೋಗಬಹುದು. ಯಾರು ಮುರಿದರು, ಯಾವುದಕ್ಕೆ ಮುರಿದರು ಎಂಬ ಎರಡು ಪ್ರಶ್ನೆಗಳನ್ನು ಅಲ್ಲಿಯೇ ಕೇಳಿ ಬರೆದುಕೊಳ್ಳಬೇಕಾಗುತ್ತದೆ.