ಪರ್ಸಿ ಖಣಿ ಮುಚ್ಚುವವರು ಯಾರು?

ಪ್ರಶ್ನೆ: ಶಹಾಬಾದ್, ಚಿತ್ತಾಪುರದ ಸುತ್ತ ಕಲ್ಲು ತೆಗೆದ ತಗ್ಗುಗಳು ಹಾಗೇ ಬಾಯ್ತೆರೆದು ಬಿದ್ದಿವೆ. ಮುಚ್ಚಬೇಕೆಂಬ ಕಾನೂನೇ ಇಲ್ಲವೇ?

ಉತ್ತರ: ಇದೆ, ಅದೂ ಎರಡು ಬಗೆ. ಸುಣ್ಣದಕಲ್ಲು ವಾಡಿ, ಸೇಡಂನ ಸಿಮೆಂಟ್ ಕಾರ್ಖಾನೆಗೆ ಹೋದರೆ ಪ್ರಧಾನ ಖನಿಜ. ಹಾಸುಗಲ್ಲಾಗಿ, ಅಂದರೆ ಪರ್ಸಿಯಾಗಿ, ನಿಮ್ಮ ಪಡಸಾಲೆಗೆ ಬಂದರೆ ಉಪಖನಿಜ. ಮೊದಲನೆಯದಕ್ಕೆ ಭಾರತೀಯ ಗಣಿ ಬ್ಯೂರೊ ಕಾವಲು: 2017ರ ನಿಯಮದಂತೆ ಗಣಿ ಮುಚ್ಚುವ ಯೋಜನೆಯ ಜೊತೆಗೆ ಹಣದ ಖಾತರಿಯನ್ನೂ ಕೊಡಬೇಕು. ಎರಡನೆಯದು ರಾಜ್ಯದ 1994ರ ನಿಯಮಗಳಡಿ ಬರುತ್ತದೆ. ಐದು ಹೆಕ್ಟೇರಿಗಿಂತ ಚಿಕ್ಕ ಉಪಖನಿಜ ಗಣಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2012ರಲ್ಲಿ, ದೀಪಕ್ ಕುಮಾರ್ ಪ್ರಕರಣದಲ್ಲಿ. ಅಷ್ಟರಲ್ಲಿ ಎಷ್ಟೋ ಖಣಿಗಳು ಬರಿದಾಗಿದ್ದವು.

ಅಷ್ಟಕ್ಕೂ ಮುಚ್ಚಲು ಮಣ್ಣೆಲ್ಲಿ? ಸಿಮೆಂಟ್ ಗಣಿಯ ಕಲ್ಲು ಬಹುಪಾಲು ಕಾರ್ಖಾನೆ ಸೇರುತ್ತದೆ. ಉಳಿಯುವುದು ಮೇಲಿನ ಕರಿಮಣ್ಣು. ಹಾಗಾಗಿ ಬೇಲಿ ಹಾಕಿ, ಅಂಚು ಭದ್ರಪಡಿಸಿ, ತಗ್ಗನ್ನು ಕೆರೆಯಾಗಿ ಬಿಡಲು ಮುಚ್ಚುವ ಯೋಜನೆಯಲ್ಲೇ ಅವಕಾಶವಿದೆ. ಪರ್ಸಿ ಖಣಿಯ ಕಥೆ ಬೇರೆ. ಉಳಿ, ಸುತ್ತಿಗೆಯಿಂದ ಕಲ್ಲನ್ನು ಪದರಪದರವಾಗಿ ಎಬ್ಬಿಸುವಾಗ ಒಡೆದ ಚೂರುಗಳು ತೊಗರಿ ಹೊಲದ ಬದುವಿನಲ್ಲೇ ಗುಡ್ಡೆ ಬೀಳುತ್ತವೆ. ಅವನ್ನೇ ತಗ್ಗಿಗೆ ತುಂಬಬಹುದು, ಖರ್ಚು ಹೊರುವವರಿಲ್ಲ. ಕೊರತೆಯಿರುವುದು ನಿಯಮದಲ್ಲಲ್ಲ, ಸಣ್ಣ ಖಣಿಗಳ ತಪಾಸಣೆಯಲ್ಲಿ ಎಂಬುದು ನನ್ನ ಅನಿಸಿಕೆ.

ಚಿಂಚೋಳಿಯ ಕಾಡಿಗೆ ಮಾತ್ರ ಈ ತಕರಾರಿಲ್ಲ. 2011ರಲ್ಲಿ ಅದು ವನ್ಯಜೀವಿ ಧಾಮವಾಯಿತು. ಧಾಮಗಳೊಳಗೂ ಗಡಿಯಿಂದ ಒಂದು ಕಿಲೋಮೀಟರ್‌ವರೆಗೂ ಗಣಿಗಾರಿಕೆ ಕೂಡದೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.