ಹೆಸರು ಹಾಕದಿದ್ದರೂ ಸಿಕ್ಕಿಬಿದ್ದೆ: ಉಳಿತಾಯದ ಗುಂಪುಗಳಲ್ಲಿ ನಮ್ಮ ಗುಟ್ಟು

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಓದ್ಕೋತೀವಿ ಅನ್ನೋರಿಗಾಗಿ ಈ ಬರಹ.

ಎರಡು ವರ್ಷದ ಹಿಂದೆ ಹಣ ಉಳಿಸುವವರ ಒಂದು ಆನ್‌ಲೈನ್ ಗುಂಪಿನಲ್ಲಿ ನನ್ನ ತಿಂಗಳ ಲೆಕ್ಕ ಹಾಕಿದ್ದೆ. ಹೆಸರಿಲ್ಲ, ಫೋಟೋ ಇಲ್ಲ. ಇದ್ದದ್ದು ಇಷ್ಟೇ: 34 ವರ್ಷ, ಎಂಟೆಕ್, ಪುಣೆಯಲ್ಲಿ ಕೆಲಸ, ಹಾವೇರಿ ಕಡೆಯವನು, ಹೆಂಡತಿ ಟೀಚರ್, ಒಂದು ಮಗು, ಸಂಬಳ ಇಷ್ಟು, ಎಸ್‌ಐಪಿ ಇಷ್ಟು. ಸಾಲವಿಲ್ಲದೆ ಹೇಗೆ ಬದುಕ್ತಿದೀನಿ ಅಂತ ನಾಲ್ಕು ಜನಕ್ಕೆ ಉಪಯೋಗ ಆಗ್ಲಿ ಅನ್ನೋ ಆಸೆ. ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳ್ಲಿ.

ವಾರದೊಳಗೆ ಒಂದು ಸುದ್ದಿ ಜಾಲತಾಣ ಅದನ್ನ ಎತ್ತಿಕೊಂಡು, ಸಂಬಳದ ಅರ್ಧ ಉಳಿಸುವ ಪುಣೆ ಟೆಕ್ಕಿ ಅಂತ ಸುದ್ದಿ ಮಾಡಿತು. ನನ್ನನ್ನ ಯಾರೂ ಕೇಳಲಿಲ್ಲ. ಮೂರನೇ ದಿನ ಊರಿಂದ ಚಿಕ್ಕಪ್ಪನ ಫೋನ್: "ಏನಪಾ, ನಿನ್ನ ಲೆಕ್ಕ ಮೊಬೈಲ್‌ನ್ಯಾಗ ಬಂದೈತಂತಲ್ಲ? ಅಷ್ಟ್ ರೊಕ್ಕ ಇಟಗೊಂಡು ಹ್ವಾದ ಸಲ ಟ್ರ್ಯಾಕ್ಟರ್ ಕಂತಿಗೆ ಕೈಯಾಗ ಏನಿಲ್ಲ ಅಂದಿ?" ಏನು ಉತ್ತರ ಕೊಡ್ಲಿ? ಆ ವರ್ಷದ ಅಪ್ರೈಸಲ್‌ನಲ್ಲಿ ಮ್ಯಾನೇಜರ್ ಕೂಡ ನಗ್ತಾ, ನೀವಂತೂ ಆರಾಮಾಗಿದೀರಲ್ಲ ಅಂದ್ರು. ಹೈಕ್ ಎಷ್ಟು ಬಂತು ಅಂತ ಇಲ್ಲಿ ಬರೆಯಲ್ಲ, ಒಂದು ಸಲ ಬುದ್ಧಿ ಬಂದಿದೆ.

ಹೇಗೆ ಸಿಕ್ಕಿಬಿದ್ದೆ? ಎಸ್‌ಕ್ಯೂಎಲ್ ಬರೆಯುವವರಿಗೆ ಇದು ಬೇಗ ಹೊಳೆಯುತ್ತೆ. ಪುಣೆ ಅನ್ನೋದು ಒಂದು ಕಂಡೀಶನ್, ಎಂಟೆಕ್ ಇನ್ನೊಂದು, ಹಾವೇರಿ ಮತ್ತೊಂದು. ಒಂದೊಂದು ಸೇರಿದ ಹಾಗೆ ಸಾಲುಗಳು ಕಡಿಮೆ ಆಗ್ತಾ ಬಂದು ಕೊನೆಗೆ ಒಂದೇ ಉಳಿಯುತ್ತೆ. ಅಪರಿಚಿತರಿಗೆ ಆ ಸಾಲಿನಿಂದ ಏನೂ ಗೊತ್ತಾಗಲ್ಲ. ಆದರೆ ಚಿಕ್ಕಪ್ಪನ ಹತ್ತಿರ, ಆಫೀಸಿನವರ ಹತ್ತಿರ ಇನ್ನೊಂದು ಟೇಬಲ್ ಇದೆ, ನಮ್ಮ ಹೆಸರಿರುವ ಟೇಬಲ್. ಎರಡನ್ನೂ ಜಾಯಿನ್ ಮಾಡಿದರೆ ಮುಗೀತು.

ಇದರ ಹೆಸರಾಂತ ಉದಾಹರಣೆ ನೆಟ್‌ಫ್ಲಿಕ್ಸ್‌ನದು. 2006ರಲ್ಲಿ ಒಂದು ಸ್ಪರ್ಧೆಗಾಗಿ ಅವರು ಸುಮಾರು 4.8 ಲಕ್ಷ ಚಂದಾದಾರರ 10 ಕೋಟಿ ರೇಟಿಂಗ್‌ಗಳನ್ನ ಹೆಸರು ತೆಗೆದು ಬಿಡುಗಡೆ ಮಾಡಿದ್ರು. ಟೆಕ್ಸಾಸ್ ವಿಶ್ವವಿದ್ಯಾಲಯದ ಅರವಿಂದ್ ನಾರಾಯಣನ್ ಮತ್ತು ವಿಟಾಲಿ ಶ್ಮಾಟಿಕೋವ್ ಅದನ್ನ ಐಎಂಡಿಬಿಯಲ್ಲಿ ಜನ ಬಹಿರಂಗವಾಗಿ ಕೊಟ್ಟಿದ್ದ ರೇಟಿಂಗ್‌ಗಳ ಜೊತೆ ಹೋಲಿಸಿ, ಕೆಲವರನ್ನ ಗುರುತು ಹಿಡಿದೇ ಬಿಟ್ರು. 8 ಸಿನಿಮಾಗಳ ರೇಟಿಂಗ್ ಗೊತ್ತಿದ್ದರೆ, ಅದರಲ್ಲಿ 2 ತಪ್ಪಿದ್ದರೂ, ದಿನಾಂಕದಲ್ಲಿ ಎರಡು ವಾರ ಆಚೀಚೆ ಇದ್ದರೂ, 99% ದಾಖಲೆಗಳನ್ನ ಒಂಟಿಯಾಗಿ ಬೇರ್ಪಡಿಸಬಹುದು ಅಂತ ತೋರಿಸಿದ್ರು. ಸಿನಿಮಾ ರುಚಿಯೇ ಇಷ್ಟು ಹೇಳಿದರೆ, ಸಂಬಳ, ಊರು, ಮಗು ಎಷ್ಟು ಹೇಳಬೇಡ?

ಸ್ಕ್ರೀನ್‌ಶಾಟ್ ಇನ್ನೂ ಅಪಾಯ. ಪ್ಯಾನ್ ನಂಬರಿನ ಅರ್ಧ ಮುಚ್ಚಿದೀನಿ ಅಂತ ಸಮಾಧಾನ ಪಡಬೇಡಿ. ನಮ್ಮಂಥ ವ್ಯಕ್ತಿಗಳ ಪ್ಯಾನ್‌ನಲ್ಲಿ ನಾಲ್ಕನೇ ಅಕ್ಷರ ಯಾವಾಗಲೂ ಪಿ, ಐದನೆಯದು ಸರ್‌ನೇಮ್‌ನ ಮೊದಲ ಅಕ್ಷರ. ತೆರಿಗೆ ಇಲಾಖೆಯ ಎಐಎಸ್ ಪಿಡಿಎಫ್‌ನ ಪಾಸ್‌ವರ್ಡ್ ಪ್ಯಾನ್ ಮತ್ತು ಹುಟ್ಟಿದ ದಿನಾಂಕ ಸೇರಿಸಿದ್ದು. ಹುಟ್ಟಿದ ದಿನ ಅಂತೂ ಕೇಕ್ ಫೋಟೋ ಸಮೇತ ಸ್ಟೇಟಸ್‌ನಲ್ಲೇ ಇರುತ್ತೆ. ಕ್ರಾಪ್ ಮಾಡಿದ್ರೂ ನಂಬೋಕಾಗಲ್ಲ. 2023ರಲ್ಲಿ ಪಿಕ್ಸೆಲ್ ಫೋನ್‌ಗಳಲ್ಲಿ ಕ್ರಾಪ್ ಮಾಡಿ ತೆಗೆದ ಭಾಗವನ್ನ ಅದೇ ಫೈಲಿನಿಂದ ವಾಪಸ್ ಪಡೆಯಬಹುದಾದ ಬಗ್ ಬಯಲಾಯ್ತು. ಗೂಗಲ್ ಸರಿಪಡಿಸಿತು, ಆದರೆ ಅದಕ್ಕೂ ಮುಂಚೆ ಹಂಚಿದ ಚಿತ್ರಗಳು ಹಾಗೇ ಉಳಿದವು.

ವಾಟ್ಸಾಪ್ ಗುಂಪಿನದು ಬೇರೆಯೇ ಕಥೆ. ಅಲ್ಲಿ ನಿಮ್ಮ ನಂಬರ್ ಕಾಣುತ್ತೆ. ಆ ನಂಬರನ್ನ ಯುಪಿಐ ಆ್ಯಪ್‌ನಲ್ಲಿ ಹಾಕಿದರೆ ಸಾಕು, ಅದು ಯುಪಿಐಗೆ ಸೇರಿದ್ದರೆ ಬ್ಯಾಂಕಿನಲ್ಲಿರುವ ನಿಮ್ಮ ಹೆಸರೇ ಬರುತ್ತೆ. ಒಂದು ರೂಪಾಯಿ ಕಳಿಸೋದೂ ಬೇಡ.

ಕಾನೂನು ಕಾಪಾಡಲ್ವಾ? 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂದಿತು. ಆ ಕೇಸ್ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ 3ನೇ ಸೆಕ್ಷನ್ ನೋಡಿ: ವ್ಯಕ್ತಿ ತಾನಾಗಿಯೇ ಸಾರ್ವಜನಿಕ ಮಾಡಿದ ಮಾಹಿತಿಗೆ ಈ ಕಾಯ್ದೆ ಅನ್ವಯಿಸಲ್ಲ. ಅಂದ್ರೆ ನನ್ನ ಲೆಕ್ಕ ನಾನೇ ಬೀದಿಯಲ್ಲಿಟ್ಟ ಹಾಗೆ.

ನನ್ನ ಕೈಲಾದದ್ದು ಒಂದೇ. 2021ರ ಐಟಿ ನಿಯಮಗಳ ಪ್ರಕಾರ ಆನ್‌ಲೈನ್ ಸುದ್ದಿ ಪ್ರಕಾಶಕರು ಕುಂದುಕೊರತೆ ಅಧಿಕಾರಿಯನ್ನ ಇಟ್ಟಿರಬೇಕು, ದೂರಿಗೆ 15 ದಿನದೊಳಗೆ ತೀರ್ಮಾನ ಕೊಡಬೇಕು. ಮೇಲ್ ಹಾಕಿದೆ. ಊರಿನ ಹೆಸರು, ಮಗುವಿನ ವಿಷಯ ತೆಗೆದ್ರು. ಅಷ್ಟರಲ್ಲಿ ಬೇರೆ ನಾಲ್ಕು ಕಡೆ ಕಾಪಿ ಆಗಿತ್ತು. ಗುಂಪಿನಲ್ಲಿ ನಾನು ಡಿಲೀಟ್ ಮಾಡಿದ್ದೂ ದಂಡ.

ಈಗಲೂ ಗುಂಪಿನಲ್ಲಿದೀನಿ, ಬಿಟ್ಟಿಲ್ಲ. ಟರ್ಮ್ ಇನ್ಶೂರೆನ್ಸ್ ಬಗ್ಗೆ ಅಲ್ಲಿ ಕಲಿತಷ್ಟು ಯಾವ ಏಜೆಂಟೂ ಹೇಳಿಕೊಟ್ಟಿಲ್ಲ. ಆದರೆ ರೂಪಾಯಿ ಬದಲು ಶೇಕಡಾ ಬರೀತೀನಿ: ಬಾಡಿಗೆ 22, ಎಸ್‌ಐಪಿ 30, ಹೀಗೆ. ಸಲಹೆ ಕೊಡೋರಿಗೆ ಬೇಕಿರೋದೂ ಅಷ್ಟೇ. ಪುಣೆ ಅನ್ನೋ ಕಡೆ ದೊಡ್ಡ ನಗರ, 34 ಅನ್ನೋ ಕಡೆ ಮೂವತ್ತರ ಆಸುಪಾಸು. ಸ್ಕ್ರೀನ್‌ಶಾಟ್ ಹಾಕಲ್ಲ, ಟೈಪ್ ಮಾಡ್ತೀನಿ. ಹಣದ ಪ್ರಶ್ನೆಗೆ ಬೇರೆ ಅಕೌಂಟ್. ಅದೇ ಅಕೌಂಟಿನಿಂದ ಹಿಂಜವಡಿ ಟ್ರಾಫಿಕ್ ಬಗ್ಗೆ ಬೈಯೋಕೆ ಹೋಗಲ್ಲ, ಅದೂ ಒಂದು ಕಂಡೀಶನ್ ಆಗುತ್ತೆ.

ಚಿಕ್ಕಪ್ಪನ ಟ್ರ್ಯಾಕ್ಟರಿಗೆ ಎರಡು ಕಂತು ಕಟ್ಟಿದೆ. ಆ ಲೆಕ್ಕ ಮನೆಯ ಡೈರಿಯಲ್ಲಿದೆ.