ಮದ್ರಾಸಿನಲ್ಲಿ ಸಿಕ್ಕ ‘ಏಷ್ಯಾ’

ಕಳೆದ ತಿಂಗಳ ಭೌತಶಾಸ್ತ್ರ ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂದಿತ್ತು. ಸೂರ್ಯನಿಂದ ಸರಾಸರಿ 36 ಕೋಟಿ ಕಿ.ಮೀ. ದೂರದಲ್ಲಿರುವ ಕ್ಷುದ್ರಗ್ರಹಕ್ಕೆ ಒಂದು ಸುತ್ತು ಬರಲು ಎಷ್ಟು ಕಾಲ ಬೇಕು? ಕೆಪ್ಲರನ ಮೂರನೇ ನಿಯಮ ನನಗೆ ಬಾಯಿಪಾಠ. ಆದರೂ ನನ್ನ ಉತ್ತರ ಸುಮಾರು 7 ಲಕ್ಷ ಕೋಟಿ ವರ್ಷ! ಇಡೀ ವಿಶ್ವದ ವಯಸ್ಸೇ ಸುಮಾರು 1,380 ಕೋಟಿ ವರ್ಷ. ಸರ್ ಅಂಕ ಕಳೆದರು. ಜೊತೆಗೆ, ಅದು ಯಾವ ಕ್ಷುದ್ರಗ್ರಹವೆಂದು ನೋಡಿಕೊಂಡು ಬಾ ಎಂದರು.

ಹುಡುಕಿದಾಗ ಸಿಕ್ಕಿದ ಹೆಸರು ‘67 ಏಷ್ಯಾ’. ಅದನ್ನು ಕಂಡುಹಿಡಿದದ್ದು ಯುರೋಪಿನಲ್ಲಲ್ಲ, ನಮ್ಮ ಪಕ್ಕದ ಮದ್ರಾಸಿನಲ್ಲಿ! 1861ರ ಏಪ್ರಿಲ್ 17ರಂದು, ನುಂಗಂಬಾಕಂನ ವೀಕ್ಷಣಾಲಯದಿಂದ. ಕಂಡವರು ಅದೇ ವರ್ಷ ಇಂಗ್ಲೆಂಡಿನಿಂದ ಬಂದಿದ್ದ ನಾರ್ಮನ್ ಪಾಗ್ಸನ್. ಏಷ್ಯಾ ಖಂಡದಿಂದ ಪತ್ತೆಯಾದ ಮೊದಲ ಕ್ಷುದ್ರಗ್ರಹ ಇದು. ಆದ್ದರಿಂದಲೇ ಆ ಹೆಸರು. ಗ್ರೀಕ್ ಪುರಾಣದಲ್ಲೂ ಏಷ್ಯಾ ಎಂಬ ದೇವತೆ ಇದ್ದಾಳೆ. ಆಗ ಪುರಾಣದ ಹೆಸರು ಇಡುವುದೇ ರೂಢಿಯಾಗಿದ್ದರಿಂದ ಒಂದೇ ಹೆಸರು ಎರಡಕ್ಕೂ ಹೊಂದಿತು.

ನನಗೆ ಹೆಚ್ಚು ಆಶ್ಚರ್ಯವಾದದ್ದು ಹುಡುಕುವ ರೀತಿ. ಸುಮಾರು 60 ಕಿ.ಮೀ. ಅಗಲದ ಈ ಕಲ್ಲು ದುರ್ಬೀನಿನಲ್ಲಿ ನಕ್ಷತ್ರದಂತೆಯೇ ಬರೀ ಚುಕ್ಕೆ. ಎಷ್ಟು ದಿಟ್ಟಿಸಿದರೂ ವ್ಯತ್ಯಾಸ ತಿಳಿಯದು. ಅದನ್ನು ಹಿಡಿದುಕೊಡುವುದು ಅದರ ಚಲನೆ ಮಾತ್ರ. ನಕ್ಷತ್ರಗಳು ಒಂದಕ್ಕೊಂದು ಜಾಗ ಬಿಡುವುದಿಲ್ಲ. ಇದು ಭೂಮಿಗೆ ಹತ್ತಿರವಿರುವಾಗ ದಿನಕ್ಕೆ ಹುಣ್ಣಿಮೆ ಚಂದ್ರನ ಅಗಲದ ಸುಮಾರು ಅರ್ಧದಷ್ಟು ಸರಿಯುತ್ತದೆ. ಈ ಹುಡುಕಾಟಕ್ಕೆ ಫೋಟೋ ಬಳಸದಿದ್ದ ಆ ಕಾಲದಲ್ಲಿ ಆಕಾಶದ ಒಂದು ತುಂಡನ್ನು ನಕ್ಷೆಯೊಂದಿಗೆ ಹೋಲಿಸುತ್ತಾ, ‘ಈ ಚುಕ್ಕೆ ನಿನ್ನೆ ಇಲ್ಲಿತ್ತೇ?’ ಎಂದು ಕಣ್ಣಿನಿಂದಲೇ ನೋಡಬೇಕಿತ್ತು. ನಾನಾದರೆ ಎರಡನೇ ರಾತ್ರಿಗೇ ಬಿಟ್ಟುಬಿಡುತ್ತಿದ್ದೆ.

ಹೀಗೆ ಬೇರೆ ಬೇರೆ ರಾತ್ರಿ ಗುರುತಿಸಿದ ಸ್ಥಾನಗಳಿಂದ ಕಕ್ಷೆಯನ್ನು ಲೆಕ್ಕ ಹಾಕುತ್ತಾರೆ. ಏಷ್ಯಾದ ಕಕ್ಷೆ ಮಂಗಳ ಮತ್ತು ಗುರುಗ್ರಹಗಳ ನಡುವಿನ ಮುಖ್ಯ ಪಟ್ಟಿಯಲ್ಲಿದೆ. ಅದು ಪೂರ್ತಿ ದುಂಡಗಿಲ್ಲ. ಭೂಮಿ–ಸೂರ್ಯರ ದೂರವನ್ನು 1 ಎಂದು ಹಿಡಿದರೆ ಏಷ್ಯಾ ಸೂರ್ಯನಿಗೆ 1.97ರವರೆಗೆ ಹತ್ತಿರ ಬಂದು 2.87ರವರೆಗೆ ದೂರ ಹೋಗುತ್ತದೆ. ಸರಾಸರಿ 2.42.

ನನ್ನ ತಪ್ಪು ಇದ್ದದ್ದು ಇಲ್ಲೇ. ದೂರದ ಘನ ಕಾಲದ ವರ್ಗಕ್ಕೆ ಸಮ ಎಂದು ನೇರವಾಗಿ ಬರೆಯಬೇಕಾದರೆ ಕಾಲ ವರ್ಷಗಳಲ್ಲಿ, ದೂರ ಈ ಅಳತೆಯಲ್ಲಿ ಇರಬೇಕು. ನಾನು ಕಿಲೋಮೀಟರನ್ನೇ ತುರುಕಿದ್ದೆ. 2.42ರ ಘನ 14.17. ಅದರ ವರ್ಗಮೂಲ ಸುಮಾರು 3.76. ಅಂದರೆ ಮೂರು ವರ್ಷ ಒಂಬತ್ತು ತಿಂಗಳು.

ಪಾಗ್ಸನ್ ಮದ್ರಾಸಿನಿಂದ ಇನ್ನೂ ಕ್ಷುದ್ರಗ್ರಹಗಳನ್ನು ಕಂಡರು. 1866ರಲ್ಲಿ ಸಿಕ್ಕ ‘87 ಸಿಲ್ವಿಯಾ’ಗೆ ಎರಡು ಚಂದ್ರರಿರುವುದು 2005ರಲ್ಲಿ ಪ್ರಕಟವಾಯಿತು. ಅವರ ಮಗಳು ಎಲಿಜಬೆತ್ ಐಸಿಸ್ ಕೂಡ ಅದೇ ವೀಕ್ಷಣಾಲಯದಲ್ಲಿ ಸಹಾಯಕಿಯಾಗಿ ಕೆಲಸ ಮಾಡಿದವರು. 1899ರಲ್ಲಿ ಅಲ್ಲಿನ ಖಗೋಳ ಕೆಲಸ ಕೊಡೈಕೆನಾಲ್‌ಗೆ ಹೋಯಿತು. ಬೆಂಗಳೂರಿನ ಕೋರಮಂಗಲದಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಅದೇ ಮನೆತನದ್ದು.

ತಿದ್ದಿದ ಲೆಕ್ಕವನ್ನು ಸರ್‌ಗೆ ತೋರಿಸಿದೆ. ಅಂಕ ಮಾತ್ರ ವಾಪಸ್ ಸಿಗಲಿಲ್ಲ.